ಕಣ್ಣು ಮುಚ್ಚಿ ಓದಿದ ಪುಟ

“ಈ ಅಕ್ಷರಗಳಿಗೆಲ್ಲ ಇವತ್ತು ಏನಾಗಿದೆ?”

ದೊಡ್ಡಮ್ಮ ಕೇಳಿದ್ದು ಯಾರನ್ನೂ ಅಲ್ಲ. ಕನ್ನಡಕ ತೆಗೆದು ಒರೆಸಿದರು. ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡರು, ಮತ್ತೆ ದೂರ ತಳ್ಳಿದರು.

ಎದುರಿಗೆ ಕೂತಿದ್ದ ಸಾಸಿವೆ ತುಟಿ ಪಿಟಕ್ಕೆನ್ನಲಿಲ್ಲ. ಬಾಯಿ ತೆರೆದರೆ ಚಟಪಟ ಸಿಡಿಯುತ್ತಾಳೆ ಅಂತ ದೊಡ್ಡಮ್ಮನೇ ಇಟ್ಟ ಹೆಸರದು.

ಬೆಳಿಗ್ಗೆ ಕಾರ್ ರೇಸ್ ಗೇಮ್ ನಿಂತು ನಿಂತು ಓಡುತ್ತಿತ್ತು. ಅದಕ್ಕೆ ಅವಳು ಸೆಟ್ಟಿಂಗ್ಸ್‌ಗೆ ಹೋಗಿ ಸ್ಕ್ರೀನ್ ರೆಸಲ್ಯೂಷನ್ ಇಳಿಸಿದ್ದಳು. ಕಾರು ಸುಯ್ಯನೆ ಓಡಿತು, ಅಕ್ಷರಗಳು ಮಾತ್ರ ಮಸುಕಾದವು. ವಾಪಸ್ ಸರಿಮಾಡುವುದು ಮರೆತೇಹೋಯಿತು. ಈಗ ಹೇಳಿದರೆ ಗೇಮ್ ಬಂದ್! ‘ಅಕ್ಷರ ದಪ್ಪ ಆಗಿದೆಯಲ್ಲ, ಒಳ್ಳೇದೇ ಆಯ್ತು’ ಅಂತ ಸುಮ್ಮನಾದಳು.

“ನನ್ನ ಕಣ್ಣೇ ಕೈಕೊಡ್ತಿದೆ ಕಣೇ,” ದೊಡ್ಡಮ್ಮ ನಕ್ಕರು. “ಇರಲಿ, ನೀನು ಕಾಪಿ ಹಿಡಿ.”

ದೊಡ್ಡಮ್ಮ ಪ್ರೆಸ್ಸಿಗೆ ಪ್ರೂಫ್ ನೋಡಿಕೊಡುತ್ತಾರೆ. ಕೈಬರಹದ ಕಾಪಿ ಸಾಸಿವೆಯ ಮುಂದೆ, ಟೈಪ್ ಮಾಡಿದ್ದು ಪರದೆಯ ಮೇಲೆ. ದೊಡ್ಡಮ್ಮ ಜೋರಾಗಿ ಓದಬೇಕು. ಸಾಸಿವೆ ಕಾಪಿಯ ಜೊತೆ ಹೋಲಿಸಿ “ಸರಿ” ಅನ್ನಬೇಕು. ಈ ಸಲದ್ದು ಹಳೆಯ ಪದ್ಯಗಳ ಪುಸ್ತಕ. ದೊಡ್ಡಮ್ಮನ ಅಮ್ಮ ದಿನಾ ಹಾಡಿ ಹಾಡಿ, ಮಗಳ ಕಿವಿಯಲ್ಲಿ ಉಳಿಸಿಹೋದ ಪದ್ಯಗಳು.

ದೊಡ್ಡಮ್ಮ ಓದಿದರು. ಎಲ್ಲೂ ತಡವರಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕಣ್ಣು ಮುಚ್ಚಿತ್ತು, ತಲೆ ಮಾತ್ರ ಲಯಕ್ಕೆ ತೂಗುತ್ತಿತ್ತು.

“ಸರಿ. ಸರಿ. ಸರಿ,” ಅಂದಳು ಸಾಸಿವೆ.

ಮುಂದಿನ ವಾರ ಪ್ರೆಸ್ಸಿನ ಮಾವ ಹೊಸ ಪುಸ್ತಕ ಹಿಡಿದು ಬಂದರು. ಮುಖ ಸಪ್ಪಗಿತ್ತು.

“ಅಕ್ಕಾ, ಹದಿನೇಳನೇ ಪುಟದಲ್ಲಿ ಒಂದು ಸಾಲೇ ಇಲ್ಲ. ಎಲ್ಲಾ ಅಚ್ಚಾಗಿಬಿಟ್ಟಿದೆ.”

“ದೊಡ್ಡಮ್ಮ ಆ ಸಾಲು ಓದಿದ್ರು! ನಾನೇ ಕೇಳಿದ್ದೀನಿ!” ಸಾಸಿವೆ ಸಿಡಿದಳು.

ದೊಡ್ಡಮ್ಮ ಆ ಪುಟವನ್ನೇ ನೋಡುತ್ತಿದ್ದರು. “ಓದಿಲ್ಲ ಸಾಸಿವೆ. ಬಾಯಿಪಾಠ ಒಪ್ಪಿಸಿದೆ, ಅಷ್ಟೆ.”

ಮಾವ ನೆಲ ನೋಡಿದರು. “ಮುಂದಿನ ಪುಸ್ತಕ ಬೇರೆಯವರಿಗೆ ಕೊಡ್ತೀನಕ್ಕಾ. ನಿಮ್ಮ ಕಣ್ಣಿಗೂ ರೆಸ್ಟ್ ಆಗಲಿ.”

ಅವರು ಹೋದ ಮೇಲೆ ಸಾಸಿವೆ ಲ್ಯಾಪ್‌ಟಾಪ್ ತೆರೆದಳು. ಸೆಟ್ಟಿಂಗ್ಸ್. ಡಿಸ್‌ಪ್ಲೇ. ‘ರೆಕಮೆಂಡೆಡ್’ ಅಂತ ಬರೆದಿದ್ದ ರೆಸಲ್ಯೂಷನ್ ಒತ್ತಿದಳು. ಪರದೆ ಒಮ್ಮೆ ಕಪ್ಪಾಯಿತು. ಮರುಕ್ಷಣ ಅಕ್ಷರಗಳು ತೊಳೆದಿಟ್ಟ ಹಾಗೆ ನಿಂತವು.

“ದೊಡ್ಡಮ್ಮಾ, ನೋಡು. ಗೇಮ್‌ಗೋಸ್ಕರ ನಾನೇ... ಅವತ್ತೇ ಹೇಳಬೇಕಿತ್ತು.”

ದೊಡ್ಡಮ್ಮ ಬಗ್ಗಿ ನೋಡಿದರು. “ಅಯ್ಯೋ ಕಳ್ಳೀ! ಹಾಗಾದ್ರೆ ನನ್ನ ಕಣ್ಣು ಹೋಗಿಲ್ಲ ಅನ್ನು!”

ಅವರು ಪರದೆಯಲ್ಲಿ ಹದಿನೇಳನೇ ಪುಟಕ್ಕೆ ಹೋದರು. ಸಾಲು ಬಿಟ್ಟುಹೋದದ್ದು ಈಗ ಎದ್ದು ಕಾಣುತ್ತಿತ್ತು. ನಗು ಅಲ್ಲಿಗೇ ನಿಂತಿತು.

“ಮಾವಂಗೆ ಫೋನ್ ಮಾಡು. ತಪ್ಪೆಲ್ಲ ನಂದೇ ಅಂತ ಹೇಳು. ಕೆಲಸ ವಾಪಸ್ ಕೊಡ್ತಾರೆ,” ಅಂದಳು ಸಾಸಿವೆ.

“ಪರದೆ ಮಸುಕು ಮಾಡಿದ್ದು ನೀನು. ಕಾಣ್ತಿಲ್ಲ ಅಂತ ಹೇಳದೆ ಕೂತದ್ದು ನಾನು.”

ಸಾಸಿವೆ ತನ್ನ ಕುರ್ಚಿಯ ಕಡೆ ನೋಡಿದಳು. ಅವತ್ತು ಮೇಜಿನ ಈಚೆಗೂ ಒಬ್ಬಳು ಹೇಳದೆ ಕೂತಿದ್ದಳು.

“ಪ್ಲೀಸ್ ದೊಡ್ಡಮ್ಮ. ಎಲ್ಲಾ ನಂದೇ ಅಂತ ಹೇಳು.”

“ಹೇಳಲ್ಲ,” ಅಂದರು ದೊಡ್ಡಮ್ಮ.