ನೂರು ಗ್ರಾಮಿನ ಲೆಕ್ಕ

"ಅದನ್ನ ಕೆಳಗಿಡಿ! ಮಗುವಿಗೆ ಕೊಡೋ ವಸ್ತುನಾ ಅದು?"

ಅಂಗಡಿಯಲ್ಲಿ ಅಪರಿಚಿತನೊಬ್ಬ ಕೈಯಲ್ಲಿದ್ದ ಡಬ್ಬ ಕಿತ್ತುಕೊಂಡಾಗ ಅವಳ ಮೈಯೆಲ್ಲ ಉರಿದುಹೋಯಿತು. ಅಕ್ಕನ ಮಗಳಿಗೆ ಮೊದಲ ಬಿಸ್ಕತ್ತು ಆರಿಸಲು ಬಂದಿದ್ದಳು.

"ಹೇಳೋಕೆ ನೀವ್ಯಾರ್ರೀ?"

"ಬಿಸ್ಕತ್ತು ಮಾಡೋನು." ಅವನು ಡಬ್ಬ ಅಲ್ಲಾಡಿಸಿದ. "ಡಬ್ಬ ಇಷ್ಟುದ್ದ, ಒಳಗೆ ಮುಕ್ಕಾಲು ಗಾಳಿ. ಗಾಳಿ ತಿಂದು ಯಾವ ಮಗು ಬೆಳೆಯುತ್ತೆ, ಹೇಳಿ?"

ಅವಳಿಗೆ ನಗು ತಡೆಯಲಾಗಲಿಲ್ಲ. ಅವಳ ಕೆಲಸವೂ ಅದೇ! ಪೋಷಕರ ಮಾಸಪತ್ರಿಕೆಯೊಂದಕ್ಕೆ ಮಕ್ಕಳ ತಿಂಡಿಗಳನ್ನು ತೂಗಿ, ಕೊಟ್ಟ ದುಡ್ಡಿಗೆ ತಕ್ಕದ್ದೋ ಅಲ್ಲವೋ ಎಂದು ಬರೆಯುತ್ತಿದ್ದಳು. ಕಚೇರಿಯಲ್ಲಿ ಅವಳ ಅಡ್ಡಹೆಸರೇ ತಕ್ಕಡಿ.

ಆ ನಗು ಎಂಟು ತಿಂಗಳು ಬಾಳಿತು. ಅವನ ಪುಟ್ಟ ಬೇಕರಿಯ ಹಿಂದಿನ ಕೋಣೆಯಲ್ಲಿ, ಹಿಟ್ಟಿನ ಮೂಟೆಯ ಮೇಲೆ ಕೂತು ಮದುವೆಯ ಮಾತನ್ನೂ ಆಡಿದರು.

"ನನ್ನಷ್ಟು ಕಡಿಮೆ ಸಕ್ಕರೆ ಯಾರೂ ಹಾಕಲ್ಲ ಕಣೇ," ಎನ್ನುತ್ತಿದ್ದ ಅವನು, ಬಾಳೆಹಣ್ಣು ಕಿವುಚುತ್ತಾ.

ಅವಳು ನಂಬಿದ್ದಳು.

ಆ ವರ್ಷದ ಹೋಲಿಕೆ ಪಟ್ಟಿಗೆ ಹದಿನೆಂಟು ಬಗೆಯ ಬಿಸ್ಕತ್ತು ಬಂದವು. ದೊಡ್ಡ ಕಂಪನಿಯ ಡಬ್ಬದ ಮೇಲೆ ‘ಸಕ್ಕರೆ ಒಂದು ಗ್ರಾಂ’. ಅವನ ಪೊಟ್ಟಣದ ಮೇಲೆ ನಾಲ್ಕು!

ಸುಳ್ಳುಗಾರ... ಇಷ್ಟು ದಿನ ನನ್ನ ಕಿವಿಗೆ ಹೂವಿಟ್ಟನಲ್ಲ!

ಫೋನ್ ಎತ್ತಿಕೊಂಡಳು. ಮತ್ತೆ ಇಟ್ಟಳು. ಅವನನ್ನು ಕೇಳಿದರೆ ಕರಗಿಬಿಡುತ್ತೇನೆ. ತನ್ನವನ ಕಡೆಗೇ ತಕ್ಕಡಿ ವಾಲಿತು ಅಂತ ನಾಲ್ಕು ಜನ ಆಡಿಕೊಳ್ಳಬಾರದು...

ಬೇರೆ ಯಾರದ್ದಾಗಿದ್ದರೂ ಎರಡು ಸಲ ನೋಡುತ್ತಿದ್ದಳು. ಅವನದೆಂದೇ ಒಂದೇ ಸಲ ನೋಡಿ ಪಟ್ಟಿಯ ಕೊನೆಗೆ ತಳ್ಳಿದಳು. ‘ಮಾತೂ ಸಿಹಿ, ಮೋಸವೂ ಸಿಹಿ’ ಎಂದು ತಲೆಬರಹ ಬೇರೆ ಕೊಟ್ಟಳು. ಪತ್ರಿಕೆ ಬಂದ ದಿನ ಅವನು ಮೂರು ಸಲ ಫೋನ್ ಮಾಡಿದ. ಎತ್ತಲಿಲ್ಲ. ನಾಲ್ಕನೆಯ ಸಲ ಅವನು ಮಾಡಲಿಲ್ಲ.

ಆರು ತಿಂಗಳ ನಂತರ ಅಕ್ಕ ಮಗಳನ್ನೆತ್ತಿಕೊಂಡು ಬಂದಳು. ಮಗು ಬಾಯಿ ತುಂಬ ನಕ್ಕಿತು. ಮುಂದಿನ ಎರಡು ಹಲ್ಲು ಕಪ್ಪಗಿದ್ದವು.

"ಸಕ್ಕರೆ ಜಾಸ್ತಿ ಆಗಿದೆ ಅಂದ್ರು ಡಾಕ್ಟರು. ಆದ್ರೆ ನೀನು ಮೊದಲ ಸ್ಥಾನ ಕೊಟ್ಟ ಬಿಸ್ಕತ್ತು ಬಿಟ್ಟು ಬೇರೆ ಸಿಹಿ ಏನೂ ಕೊಟ್ಟಿಲ್ಲ ಕಣೇ!"

ಅವಳು ಅಕ್ಕ ತಂದಿದ್ದ ದೊಡ್ಡ ಕಂಪನಿಯ ಡಬ್ಬ ತಿರುಗಿಸಿದಳು. ಸಕ್ಕರೆ ಒಂದು ಗ್ರಾಂ. ಅದರ ಕೆಳಗೆ, ಇರುವೆಗಾತ್ರದಲ್ಲಿ: ‘ಒಂದು ಬಿಸ್ಕತ್ತಿಗೆ’.

ಒಂದು ಬಿಸ್ಕತ್ತನ್ನು ತಕ್ಕಡಿಯಲ್ಲಿಟ್ಟಳು. ಐದು ಗ್ರಾಂ ತೂಗಿತು. ಅಂದರೆ ನೂರು ಗ್ರಾಮಿಗೆ ಇಪ್ಪತ್ತು! ಅವನು ಬರೆದಿದ್ದ ನಾಲ್ಕು, ನೂರು ಗ್ರಾಮಿನದು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಊರಿಗೆಲ್ಲ ಬುದ್ಧಿ ಹೇಳಿದವಳು, ತನ್ನವನ ವಿಷಯದಲ್ಲೇ ಕಣ್ಣು ಮುಚ್ಚಿದ್ದಳು!

"ಮೂಲೆಯಲ್ಲಿ ಎರಡು ಸಾಲು ತಿದ್ದುಪಡಿ ಹಾಕೋಣ ಬಿಡಮ್ಮ," ಎಂದರು ಸಂಪಾದಕಿ.

ಅವಳು ಬಿಡಲಿಲ್ಲ. ಪುಟ ತುಂಬ, ತನ್ನ ಹೆಸರು ಹಾಕಿ, ತಪ್ಪೊಪ್ಪಿಕೊಂಡಳು. ಆ ಪತ್ರಿಕೆಯಲ್ಲಿ ಅದೇ ಅವಳ ಕೊನೆಯ ಬರಹವಾಯಿತು.

ಪತ್ರಿಕೆ ಹಿಡಿದು ಬೇಕರಿಗೆ ಹೋದಾಗ ಬಾಗಿಲು ಅರ್ಧ ತೆರೆದಿತ್ತು. ಓವನ್ ಇದ್ದ ಜಾಗದಲ್ಲಿ ಗೋಡೆಯ ಮೇಲೆ ಮಸಿ ಮಾತ್ರ ಉಳಿದಿತ್ತು. ಅವನು ಖಾಲಿ ಟ್ರೇಗಳನ್ನು ಹಗ್ಗದಿಂದ ಕಟ್ಟುತ್ತಿದ್ದ. ಸೊರಗಿದ್ದ.

ಅವನು ನಿಂತಲ್ಲೇ ಪುಟವನ್ನು ಪೂರ್ತಿ ಓದಿದ.

"ಪತ್ರಿಕೆಗೆ ನೀವೇ ಬರೀಬಹುದಿತ್ತಲ್ಲ..." ಎಂದಳು ಅವಳು.

"ಬರೆದಿದ್ರೆ ನಿನ್ನ ಕೆಲಸ ಹೋಗ್ತಿತ್ತು. ನಿನಗೊಬ್ಬಳಿಗೇ ಹೇಳೋಣ ಅಂತ ಫೋನ್ ಮಾಡಿದೆ. ನೀನು ಎತ್ತಲಿಲ್ಲ."

"ಮಗು ಹಲ್ಲು ಹಾಳಾಯ್ತು. ಅಕ್ಕನ ಮಗಳದ್ದು..."

ಅವನ ಕೈಯಲ್ಲಿದ್ದ ಹಗ್ಗ ಜಾರಿತು. ಗೋಡೆಗೊರಗಿ ಕುಸಿದು ಕೂತ. "ನಿನ್ನ ಉಳಿಸೋಕೆ ಅಂತ ಬಾಯಿ ಮುಚ್ಕೊಂಡೆ. ಎಷ್ಟು ಮಕ್ಕಳು ತಿಂದ್ರೋ... ಅದು ನನ್ನ ತಪ್ಪೂ ಹೌದು."

ಇಬ್ಬರೂ ಅತ್ತರು.

"ಯಾಕೆ ನನ್ನ ಒಂದು ಮಾತು ಕೇಳಲಿಲ್ಲ?" ಎಂದ ಅವನು.

"ನೀವು ನನ್ನವರು ಅಂತ."

ಅವನು ನಕ್ಕ. ಆ ನಗು ಬೇವಿಗಿಂತ ಕಹಿಯಾಗಿತ್ತು. "ನಿನ್ನವನಾಗಿದ್ದಕ್ಕೆ ಒಳ್ಳೇ ಬಹುಮಾನ!"

"ಈಗ ಕೇಳ್ತೀನಿ. ನನ್ನ ಮೇಲೆ... ಪ್ರೀತಿ ಉಳಿದಿದೆಯಾ?"

ಅವನು ಜಾರಿದ್ದ ಹಗ್ಗವನ್ನು ಎತ್ತಿ ಕೈಗೆ ಸುತ್ತಿಕೊಂಡ.

"ಇದೆ. ಕೋಪ ಅದಕ್ಕಿಂತ ಜಾಸ್ತಿ ಇದೆ."

"ಎಷ್ಟು?"

"ಇನ್ನೂ ತೂಗಿಲ್ಲ."

"ನಿಧಾನವಾಗಿ ತೂಗಿ. ಅಲ್ಲೀವರೆಗೂ ಇಲ್ಲೇ ಇರಲಾ?"

ಅವನು ಕಣ್ಣೊರೆಸಿಕೊಂಡು, ಟ್ರೇಗಳನ್ನು ಪಕ್ಕಕ್ಕೆ ಸರಿಸಿದ. "ಕೂರೋಕೆ ಮೂಟೆ ಇಲ್ಲ. ನೆಲ ತಣ್ಣಗಿದೆ."

"ಪರವಾಗಿಲ್ಲ," ಎಂದು ಅವಳು ಅವನ ಪಕ್ಕದಲ್ಲಿ ಕೂತಳು.