‘ತಳಮನೆ’ಯ ಡಿಸ್ಕು

“ಮಿಕ್ಕಿದ್ದನ್ನ ಹೇಗಾದ್ರೂ ನೋಡ್ಕೊಳ್ಳಿ. ಆ ಡಿಸ್ಕಿನ ಅಂಚಲ್ಲಿರೋ ಕಪ್ಪು ಪಟ್ಟಿ ಮಾತ್ರ ಕೀಳ್ಬೇಡಿ,” ಎಂದಳು ಮನೆಯಾಕೆ.

ಬೆಲೆ ಕಟ್ಟಲು ಬಂದವನು ತಲೆಯೆತ್ತದೆಯೇ ನಕ್ಕ. “ಕಿತ್ರೆ ಏನಾಗತ್ತಮ್ಮಾ? ದೆವ್ವ ಮೆಟ್ಕೊಳತ್ತಾ?”

“ಬಾಯಿ ಕಟ್ಟತ್ತೆ.”

“ಒಳ್ಳೇದೇ ಆಯ್ತು. ಮದುವೆ ಆದಾಗಿಂದ ನನ್ನ ಹೆಂಡತಿ ಅದಕ್ಕೇ ಕಾಯ್ತಿದಾಳೆ.”

ಆಕೆ ನಗಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತ ನಿಂತಳು.

ಹಳೆಯ ಕಂಪ್ಯೂಟರ್ ಆಟಗಳಿಗೆ ಬೆಲೆ ಕಟ್ಟುವುದು ಅವನ ಕಸುಬು. ಅಂಥದ್ದೂ ಒಂದು ಕಸುಬೇ ಎಂದು ಮಾವ ಇವತ್ತಿಗೂ ಮೂಗು ಮುರಿಯುತ್ತಾರೆ, ಆದರೆ ದುಡ್ಡಿರುವ ಮಂದಿ ಬಾಲ್ಯದಲ್ಲಿ ಆಡಿದ ಆಟದ ಪೆಟ್ಟಿಗೆಗಾಗಿ ಇದ್ದಬದ್ದ ಕೆಲಸ ಬಿಟ್ಟು ಬರುತ್ತಾರೆ. ಜೊತೆಯವರು ಅವನನ್ನು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಜೇಬಿನಲ್ಲಿ ಸದಾ ಒಂದು ಇರುತ್ತಿತ್ತು. ಕಂಡವರ ಹುಳುಕನ್ನು ದೊಡ್ಡದು ಮಾಡಿ ತೋರಿಸುವ ಚಾಳಿಯೂ ಇತ್ತು. ಪೆಟ್ಟಿಗೆಯ ಮೇಲಿನ ಪ್ಲಾಸ್ಟಿಕ್ ಹೊದಿಕೆಯ ಬೆಸುಗೆ ನೋಡಿ, ಇದು ಕಾರ್ಖಾನೆಯದು, ಇದು ಯಾರೋ ಅಡುಗೆಮನೆಯಲ್ಲಿ ಬಿಸಿಗಾಳಿ ಊದಿ ಅಂಟಿಸಿದ್ದು ಎಂದು ಥಟ್ಟನೆ ಹೇಳುತ್ತಿದ್ದ. ಆಟದ ಕೈಪಿಡಿಯನ್ನು ಮೂಸಿಯೇ ಅದು ಯಾವ ತೇವದಲ್ಲಿ ಬಿದ್ದಿತ್ತೆಂದು ಊಹಿಸುತ್ತಿದ್ದ.

ಆದರೆ ಈ ಕೋಣೆಯ ವಾಸನೆ ಅವನ ಮೂಗಿಗೆ ಹೊಸತು. ಬಣ್ಣ ಮಾಸಬಾರದೆಂದು ಹಗಲಲ್ಲೂ ಪರದೆ ಎಳೆದ ಕೋಣೆ. ನೆಲದಿಂದ ಸೂರಿನವರೆಗೆ ಆಟದ ಪೆಟ್ಟಿಗೆಗಳು. ಹಳೆ ರಟ್ಟು, ಧೂಳು, ಬೆಚ್ಚಗಾದ ಯಂತ್ರ, ಇಷ್ಟು ಗೊತ್ತಿದ್ದದ್ದೇ. ಅವುಗಳ ಕೆಳಗೆ ಕೂದಲು ಸುಟ್ಟಂಥ ಇನ್ನೊಂದು ಕಮಟು ಇತ್ತು. ಮುಚ್ಚಿದ ಒಳಕೋಣೆಯಿಂದ ಸದ್ದೊಂದು ಬರುತ್ತಿತ್ತು. ಕರ್‍ರ್... ಟಕ್ ಟಕ್. ಕರ್‍ರ್... ಟಕ್ ಟಕ್. ಡಿಸ್ಕ್ ಡ್ರೈವೊಂದು ಓದಲಾಗದೆ ತಡಕಾಡುವಾಗ ಬರುವ ಸದ್ದು.

“ಒಳಗಿನ ಯಂತ್ರ ಆರಿಸಿಬಿಡಿ, ಪಾಪ, ಸವೆದು ಹೋಗತ್ತೆ,” ಎಂದ.

“ಅದು ಯಂತ್ರ ಅಲ್ಲ,” ಎಂದಳು ಆಕೆ. “ಒಳಗೆ ಅಣ್ಣ ಇದಾನೆ. ಇದೆಲ್ಲ ಅವನೇ ಕೂಡಿಸಿದ್ದು.” ಹಾಗೆಂದವಳೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನಿಗೆ ಅಣ್ಣನ ವಿಚಾರ ಬೇಕಿರಲಿಲ್ಲ. ಮೇಜಿನ ಮೇಲೆ ‘ತಳಮನೆ’ ಇತ್ತು. ಸಂಗ್ರಾಹಕರು ಬಾಯಿಮಾತಿನಲ್ಲಷ್ಟೇ ಕೇಳಿದ್ದ ಆಟ ಅದು. ಮಾಡಿದವನು ಕಂಪನಿಯ ಹಂಗಿಲ್ಲದೆ ಮನೆಯಲ್ಲೇ ಕೂತು, ಕೆಲವೇ ಡಿಸ್ಕುಗಳಿಗೆ ತುಂಬಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮಾರಿದ್ದನಂತೆ. ಆ ಡಿಸ್ಕನ್ನು ಅವನು ಸಂಭ್ರಮದಿಂದ ಅಂಗೈಗೆತ್ತಿಕೊಂಡ. ತೆಳ್ಳನೆಯ, ಬಾಗುವ, ಅಗಲವಾದ ಡಿಸ್ಕು. ಅಂಚಿನಲ್ಲಿ ಉಗುರಗಲದ ಒಂದು ಕಚ್ಚು. ಆ ಕಚ್ಚು ತೆರೆದಿದ್ದರೆ ಯಂತ್ರ ಡಿಸ್ಕಿನ ಮೇಲೆ ಹೊಸದಾಗಿ ಬರೆಯಬಲ್ಲದು, ಪಟ್ಟಿ ಅಂಟಿಸಿ ಮುಚ್ಚಿದರೆ ಓದಬಲ್ಲದು ಅಷ್ಟೆ. ಯಾರೋ ಅದನ್ನು ಕಪ್ಪು ಪಟ್ಟಿಯಿಂದ ಮುಚ್ಚಿದ್ದರು.

ಭೂತಗನ್ನಡಿ ಹಿಡಿದು ನೋಡಿದ. ಡಿಸ್ಕು ಹಳೆಯದು, ಪಟ್ಟಿ ಹೊಸತು. ಆಮೇಲೆ ಅಂಟಿಸಿದ್ದು ಏನಿದ್ದರೂ ಅವನ ಕಸುಬಿನಲ್ಲಿ ಕಳಂಕ. ಕೈಯಾಡಿಸಿದ ಮಾಲು ಎಂದು ಬರೆಯಬೇಕಾಗುತ್ತದೆ. ಇಂಥ ಅಪರೂಪದ್ದಕ್ಕೆ ಹಾಗೆ ಬರೆಯಲು ಅವನಿಗೆ ಮನಸ್ಸೇ ಬರಲಿಲ್ಲ. ಹೆಂಗಸಿಗೆ ಇದೆಲ್ಲ ಏನು ಗೊತ್ತು ಎಂದುಕೊಂಡ. ಪಟ್ಟಿಯ ಮೇಲೆ ಬಾಯಿಂದ ಬಿಸಿಯುಸಿರು ಬಿಟ್ಟು, ಚಿಮಟಿಗೆಯಿಂದ ತುದಿ ಎತ್ತಿ, ನಿಧಾನವಾಗಿ ಸುಲಿದ. ಅದರ ಅಂಟಿನ ಬದಿಯಲ್ಲಿ ಒಂದೆಳೆ ಕೂದಲು ಸಿಕ್ಕಿಕೊಂಡಿತ್ತು. ಒರೆಸಿ ಬಿಸಾಡಿದ.

ಆಟ ನಿಜಕ್ಕೂ ಓಡುತ್ತದೆಂದು ಪರದೆಯ ಚಿತ್ರ ತೋರಿಸದೆ ಯಾವ ಗಿರಾಕಿಯೂ ನಂಬುವುದಿಲ್ಲ. ಮೇಜಿನ ಮೇಲಿದ್ದ ಹಳೆಯ ಯಂತ್ರಕ್ಕೆ ಡಿಸ್ಕು ತೂರಿಸಿ ಗುಂಡಿ ಒತ್ತಿದ. ಹಸಿರು ಅಕ್ಷರಗಳು ಮೂಡಿದವು. ಕತ್ತಲಿನ ಮೆಟ್ಟಿಲು, ಕೆಳಗೊಂದು ಮನೆ, ಮುಚ್ಚಿದ ಬಾಗಿಲು. ಬಾಗಿಲಾಚೆಯಿಂದ ಒಂದೇ ಪ್ರಶ್ನೆ: ಯಾರು?

ಆಟಗಳು ಹೆಸರು ಕೇಳಿದಾಗ ಅವನು ತನ್ನದನ್ನು ಎಂದೂ ಕೊಡುತ್ತಿರಲಿಲ್ಲ. ಮಗಳದು ಕೊಡುತ್ತಿದ್ದ. ಅವಳು ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಒಂಥರಾ ಮುದ್ದು. ಬೆಳಗಾದರೆ ಶುರುವಾಗಿ ನಿದ್ದೆಯಲ್ಲೂ ನಿಲ್ಲದ ವಾಚಾಳಿ ಅದು. ಮನೆಮಂದಿಯೆಲ್ಲ ಗಿಣಿ ಎಂದೇ ಕರೆಯುತ್ತಿದ್ದರು. ಗಿಣಿ ಎಂದು ಒತ್ತಿ ಒಪ್ಪಿಗೆ ಕೊಟ್ಟ.

ಡ್ರೈವು ತಿರುಗಿತು. ಕೆಂಪು ದೀಪ ಹತ್ತಿಕೊಂಡಿತು. ಏನನ್ನೋ ಬರೆಯುತ್ತಿತ್ತು. ಬಹಳ ಹೊತ್ತು ಬರೆಯಿತು. ಸುಟ್ಟ ಕೂದಲಿನ ಕಮಟು ಗಕ್ಕನೆ ಗಂಟಲಿಗೆ ಅಡರಿತು.

ಒಳಕೋಣೆಯ ಸದ್ದು ನಿಂತುಹೋಯಿತು.

ಆಮೇಲೆ ಯಾರೋ ಕೆಮ್ಮಿದರು. ಬಹುಕಾಲ ಬಳಸದ ಗಂಡುದನಿಯೊಂದು ತಡವರಿಸಿತು: “ನೀ... ನೀರು.” ಹೆಂಗಸು ಹೋ ಎಂದು ಅತ್ತದ್ದು ಕೇಳಿಸಿತು.

ಅದೇ ಗಳಿಗೆಗೆ ಅವನ ಫೋನು ಹೊಡೆದುಕೊಂಡಿತು. ಮನೆಯಿಂದ.

“ಅಪ್ಪಾ, ಗೊತ್ತಾ, ಇವತ್ತು ನಮ್ಮ ಟೀಚರ್ ಇಲ್ವಾ, ಅವರು ಏನ್ ಮಾಡಿದ್ರು ಗೊ...” ಗಿಣಿಯ ಮಾತು ತುಂಡಾಯಿತು. “ಅಪ್ಪಾ, ನನ್ನ ಗಂ... ಅಪ್... ಅ...”

ಕರ್‍ರ್... ಟಕ್ ಟಕ್.

“ಗಿಣೀ? ಲೈನ್ ಸರಿ ಇಲ್ಲ ಪುಟ್ಟಾ, ಜೋರಾಗಿ ಮಾತಾಡು.”

ಕರ್‍ರ್... ಟಕ್ ಟಕ್. ಅದರ ಹಿಂದೆ ಹೆಂಡತಿಯ ಚೀರಾಟ. “ರೀ, ಮಗು ಬಾಯಿ ತೆಗೀತಿದೆ, ಮಾತೇ ಬರ್ತಿಲ್ಲ! ಗಂಟಲಲ್ಲಿ ಏನೋ ಕಡೀತಿದೆ ರೀ! ಡಾಕ್ಟರ್ ಹತ್ರ ಹೊರಟೆ, ನೀವು ಬೇಗ ಬನ್ನಿ!”

ಕುರ್ಚಿ ಉರುಳಿತು. ಅವನು ಒಳಕೋಣೆಯ ಬಾಗಿಲನ್ನು ಒದ್ದೇ ತೆರೆದ. ಮಂಚದ ಮೇಲೆ ಮೂಳೆ ಚಕ್ಕಳವಾದ ಒಬ್ಬ ಗಂಡಸು, ಅವನ ಬಾಯಿಗೆ ನೀರಿನ ಲೋಟ ಹಿಡಿದ ತಂಗಿ.

“ಏನ್ ಮಾಡಿದ್ರಿ ನನ್ನ ಮಗಳಿಗೆ?”

ಆಕೆಯ ಕೈಯಿಂದ ಲೋಟ ಜಾರಿತು. “ಮಗಳಿಗಾ?” ಎಂದಳು. ಮುಖದ ರಕ್ತವೆಲ್ಲ ಇಳಿದುಹೋಯಿತು. “ಅಯ್ಯೋ, ಮಗು ಹೆಸರು ಹಾಕಿದ್ರಾ? ನೀವು ನಿಮ್ಮದೇ ಹಾಕ್ತೀರಿ ಅಂದ್ಕೊಂಡಿದ್ದೆ!”

ಆಕೆ ಏದುಸಿರು ಬಿಡುತ್ತ ಎಲ್ಲವನ್ನೂ ಕಕ್ಕಿದಳು. ಆ ಆಟ ಮಾಡಿದವನಿಗೆ ಒಬ್ಬ ಪಾಲುದಾರನಿದ್ದ. ಆ ಪಾಲುದಾರ ಆಟವೆಲ್ಲ ತನ್ನದೇ ಎಂದು ಊರೆಲ್ಲ ಹೇಳಿಕೊಂಡು ಮಾಡಿದವನ ಹೆಸರನ್ನೇ ಅಳಿಸಿಹಾಕಿದ. ಮಾಡಿದವನು ಯಾರದೋ ಕಾಲು ಹಿಡಿದು ಈ ಡಿಸ್ಕಿಗೆ ಮಾಟ ಮಾಡಿಸಿ ಪಾಲುದಾರನಿಗೆ ಕಳಿಸಿದ. ಅದು ಕೈಯಿಂದ ಕೈಗೆ ದಾಟಿ ಅಣ್ಣನಿಗೆ ಸಿಕ್ಕಿತು, ಅವನು ಏನೂ ಅರಿಯದೆ ತನ್ನ ಹೆಸರು ಒತ್ತಿದ. ಡಿಸ್ಕಿನಲ್ಲಿ ಒಂದೇ ಹೆಸರಿಗೆ ಜಾಗ. ಯಾರ ಹೆಸರಿರುತ್ತದೋ ಅವರ ಮಾತು ಡಿಸ್ಕಿಗೆ. ಇನ್ನೊಂದು ಹೆಸರು ಬಿದ್ದರಷ್ಟೇ ಹಿಂದಿನವರಿಗೆ ಬಿಡುಗಡೆ.

“ಪಟ್ಟಿ ಅಂಟಿಸಿದ್ದು ಅಣ್ಣಾನೇ, ನಾನು ನನ್ನ ಹೆಸರು ಹಾಕ್ಬಾರ್ದು ಅಂತ. ನಾನು ಎಷ್ಟೋ ಸಲ ಕಿತ್ತೆ. ಗೊತ್ತಿಲ್ಲದೋರ ಹೆಸರೆಲ್ಲ ಹಾಕಿ ನೋಡಿದೆ, ಹಿಡೀಲಿಲ್ಲ. ಹಾಕೋರದ್ದು ಇಲ್ಲಾ ಅವರ ಜೀವಕ್ಕೆ ಜೀವ ಆದೋರದ್ದು ಆಗಿರ್ಬೇಕು. ನನ್ನದು ಹಾಕೋಕೆ ಧೈರ್ಯ ಬರ್ಲಿಲ್ಲ. ಅದಕ್ಕೇ ಮತ್ತೆ ಅಂಟಿಸಿ ನಿಮ್ಮನ್ನ ಕರೆಸಿದೆ.”

“ಬೇಡ ಅಂದ್ರಲ್ಲ! ಕೀಳ್ಬೇಡಿ ಅಂದ್ರಲ್ಲ!”

“ಹೇಳದೇ ಇದ್ದಿದ್ರೆ ನಿಮ್ಮ ಪಾಪ ನನಗೆ ಸುತ್ಕೊಳ್ತಿತ್ತು. ಅದಕ್ಕೇ ಹೇಳ್ದೆ,” ಎಂದಳು ಆಕೆ, ನೆಲ ನೋಡುತ್ತ. “ಹೇಳಿದ್ರೂ ನೀವು ಕೇಳಲ್ಲ ಅಂತ ಗೊತ್ತಿತ್ತು.”

ಅವಳ ಕತ್ತು ಹಿಸುಕಬೇಕೆನಿಸಿತು. ಅದಕ್ಕೂ ಪುರುಸೊತ್ತಿರಲಿಲ್ಲ. ಯಂತ್ರದ ಬಳಿ ಓಡಿದ. ಆರಿಸಿದ. ಮತ್ತೆ ಹಚ್ಚಿದ. ಹಸಿರು ಅಕ್ಷರ ಬರಲಿಲ್ಲ. ಡಿಸ್ಕು ಓದಲಾಗುತ್ತಿಲ್ಲ, ಎಂದಿತು ಪರದೆ. ಮತ್ತೆ ಹಚ್ಚಿದ. ಓದಲಾಗುತ್ತಿಲ್ಲ. ಹಳೆಯ ಡಿಸ್ಕು. ಸವೆದ ಡಿಸ್ಕು. ಇಂಥ ಎಷ್ಟು ಡಿಸ್ಕುಗಳನ್ನು ಅವನು ಸತ್ತ ಮಾಲು ಎಂದು ಪಕ್ಕಕ್ಕೆ ಎಸೆದಿದ್ದ! ಈಗ ಅದೇ ಡಿಸ್ಕನ್ನು ಎದೆಗೊತ್ತಿಕೊಂಡು, ಇನ್ನೊಂದೇ ಒಂದು ಸಲ ಓಡು ತಾಯೀ ಎಂದು ಅಂಗಲಾಚಿದ. ಬೆವರು ಕಣ್ಣಿಗಿಳಿಯುತ್ತಿತ್ತು. ಚೀಲ ಸುರುವಿ ಸ್ಪಿರಿಟ್ ಬಾಟಲಿ ಹುಡುಕಿದ. ಹತ್ತಿ ಸುತ್ತಿದ ಕಡ್ಡಿ ಅದ್ದಿ, ಡ್ರೈವಿನ ಓದುವ ತಲೆಯನ್ನು ಒರೆಸಿದ. ಹತ್ತಿ ಕಪ್ಪಾಗಿ ಬಂತು. ಅದರಲ್ಲಿ ಸುತ್ತಿಕೊಂಡು ಉದ್ದನೆಯ ಕೂದಲು ಬಂತು. ಎಳೆದಷ್ಟೂ ಬಂತು.

ಡಿಸ್ಕು ತೂರಿಸಿದ. ಡ್ರೈವು ನರಳಿತು. ತಡಕಾಡಿತು.

ಮೆಟ್ಟಿಲು. ಮನೆ. ಮುಚ್ಚಿದ ಬಾಗಿಲು.

ಯಾರು?

ಜೀವಕ್ಕೆ ಜೀವ ಆದವರು ಇನ್ನೂ ಇದ್ದರು. ಹೆಂಡತಿಯಿದ್ದಳು. ಅವಳ ಹೆಸರಿನ ಮೊದಲ ಅಕ್ಷರದ ಮೇಲೆ ಬೆರಳು ಹೋಗಿ ನಿಂತದ್ದು ನಿಜ; ಅದನ್ನು ಅವನು ಯಾರಿಗೂ ಹೇಳಲಾರ. ಕೈ ಹಿಂದೆಳೆದು, ತನ್ನ ಹೆಸರನ್ನೇ ಒಂದೊಂದೇ ಅಕ್ಷರವಾಗಿ ಒತ್ತಿದ. ಒಪ್ಪಿಗೆಯ ಗುಂಡಿ ಮಾತ್ರ ಉಳಿಯಿತು.

ಎಡಗೈಯಲ್ಲಿ ಫೋನು ಮಾಡಿದ. ಆಟೋದ ಗಡಗಡ ಸದ್ದು, ಹೆಂಡತಿಯ ಅಳು. “ಗಿಣಿ ಕಿವಿಗಿಡು,” ಎಂದ.

ಕರ್‍ರ್... ಟಕ್ ಟಕ್.

ಏನು ಹೇಳುವುದು? “ಪುಟ್ಟಾ, ಹೆದರ್ಕೋಬೇಡ. ಈಗ ಸರಿ ಹೋಗತ್ತೆ. ಊಟ ಮಾಡಿದ್ಯಾ? ಮಾಡು. ಅಮ್ಮನ್ನ ಗೋಳು ಹುಯ್ಕೋಬೇಡ. ನೀನು ಮಾತಾಡ್ತಿದ್ರೆ ನನಗೆ ತುಂಬಾ ಇಷ್ಟ ಕಣೇ. ತುಂಬಾ...” ಫೋನಿಟ್ಟ.

ಒತ್ತಿದ.

ಕೆಂಪು ದೀಪ ಹತ್ತಿತು. ಡ್ರೈವು ಬರೆಯಿತು. ಗಂಟಲಲ್ಲಿ ಏನೋ ತಣ್ಣಗೆ ಒಂದು ಸುತ್ತು ತಿರುಗಿ, ಸರಿಯಾಗಿ ಕೂತುಕೊಂಡಿತು.

ಹಿಂದೆ ಬಾಗಿಲಲ್ಲಿ ಅಣ್ಣ ತಂಗಿ ಒಬ್ಬರನ್ನೊಬ್ಬರು ಹಿಡಿದು ನಿಂತಿದ್ದರು. ಅಣ್ಣ ಕೈಮುಗಿದ. ಅವನು ಅತ್ತ ನೋಡಲಿಲ್ಲ. ಫೋನು ಹೊಡೆದುಕೊಳ್ಳುತ್ತಿತ್ತು.

“ಅಪ್ಪಾ! ಬಂತು! ಮಾತು ಬಂತು! ಅಮ್ಮ ಅಳ್ತಿದಾಳೆ, ಆಟೋದವರು ಕೂಡ ಗಾಡಿ ನಿಲ್ಸಿಬಿಟ್ರು! ಅಪ್ಪಾ, ನನ್ನ ಗಂಟಲೊಳಗೆ ಏನೋ ಕೂತಿತ್ತು, ಅದು ಸದ್ದು ಮಾಡ್ತಿತ್ತು, ನನಗೆ ಎಷ್ಟ್ ಭಯ ಆಯ್ತು ಗೊತ್ತಾ? ಈಗ ಹೋಯ್ತು. ಎಲ್ಲಿ ಹೋಯ್ತು ಅಪ್ಪಾ? ಹೇಳಪ್ಪಾ. ಅಪ್ಪಾ?”

ಅವನಿಗೆ ಎದೆ ತುಂಬಿ ಬಂತು. ಮರೆತೇಬಿಟ್ಟ. ಬಾಯಿ ತೆಗೆದ.

ಕರ್‍ರ್... ಟಕ್ ಟಕ್.

ಆ ಕಡೆ ಗಿಣಿ ಕಿಟಾರನೆ ಕಿರುಚಿದಳು. “ಅಮ್ಮಾ! ಅದು ಫೋನಲ್ಲಿದೆ! ಕಟ್ ಮಾಡಮ್ಮಾ, ಕಟ್ ಮಾಡು!”

ಫೋನು ಕಟ್ಟಾಯಿತು.