ಇಬ್ಬರು ಓದಿದ ಪೇಪರ್

ಅವನು ಬಾಗಿಲಲ್ಲಿ ಕಾಣಿಸಿಕೊಂಡಾಗ ಮಾಲಿನಿ ಎದ್ದು ನಿಂತಳು.

ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಪೆನ್ನು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು. ಕೊಳ್ಳೇಗಾಲದ ಕಾಲೇಜಿನ ಆ ದೊಡ್ಡ ಕೋಣೆಯಲ್ಲಿ ಭಾನುವಾರ ಬೆಳಗ್ಗೆಯಿಂದ ಅವಳೊಬ್ಬಳೇ ಕೂತಿದ್ದಳು. ದೂರಶಿಕ್ಷಣದ ತರಗತಿಗೆ ಮೇಷ್ಟ್ರು ಕೊನೆಗೂ ಬಂದರು ಎಂದುಕೊಂಡಳು.

“ಗುಡ್ ಮಾರ್ನಿಂಗ್ ಸರ್.”

ಅವನು ಹಿಂದೆ ತಿರುಗಿ ನೋಡಿದ. ಬೇರೆ ಯಾರೂ ಇರಲಿಲ್ಲ.

“ಕೂತ್ಕಳಿ ಮೇಡಂ, ನಾನು ಮೇಷ್ಟ್ರಲ್ಲ. ಯಾವ ಸಬ್ಜೆಕ್ಟು ನಿಮ್ದು?”

“ಬಿಸಿನೆಸ್ ಎಥಿಕ್ಸ್.”

ಅವನು ಖಾಲಿ ಬೆಂಚುಗಳನ್ನು ನೋಡಿದ. ಮತ್ತೆ ಅವಳನ್ನು ನೋಡಿದ.

“ನಂದೂ ಅದೇಯ. ಓದ್ಸಲ ಡುಮ್ಕಿ ಒಡ್ದೆ,” ಎಂದು ಒಂದು ಬೆಂಚು ಬಿಟ್ಟು ಕೂತ.

ಹೆಸರು ಜಡೇಸ್ವಾಮಿ. ಯಳಂದೂರಿನ ತಾಲೂಕು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್. ಮೇಷ್ಟ್ರು ಅವತ್ತು ಬರಲಿಲ್ಲ, ಮುಂದಿನ ವಾರವೂ ಬರಲಿಲ್ಲ. ಜಡೇಸ್ವಾಮಿ ಮಾತ್ರ ಬಂದ.

ಕೋಣೆ ಸೆಖೆ ಎಂದು ಅವರು ಹೊರಗೆ ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿಗೆ ಬಂದರು. ಪುಸ್ತಕ ಅವಳ ತೊಡೆಯ ಮೇಲೆ. ಪ್ರಶ್ನೆ ಕೇಳುವವನು ಅವನು.

“ಸ್ಟೇಕ್‌ಹೋಲ್ಡರ್ ಅಂದ್ರೆ ಯಾರು?”

“ಒಂದು ತೀರ್ಮಾನದಿಂದ ಯಾರಿಗೆಲ್ಲ ಲಾಭನಷ್ಟ ಆಗುತ್ತೋ ಅವರು.”

“ಸರಿ. ಈಗ ನೀವು ಮೂರು ಗಂಟೆ ಬಸ್ಸಿಗೇ ಹನೂರಿಗೆ ಹೊಂಟೋದ್ರಿ ಅನ್ಕಳಿ. ಸ್ಟೇಕ್‌ಹೋಲ್ಡರ್ ಯಾರ್ಯಾರು?”

“ಕಂಡಕ್ಟರು.”

“ಅಷ್ಟೇಯಾ?”

ಅವನ ಕಣ್ಣು ನಗುತ್ತಿತ್ತು. ಮಾಲಿನಿ ಪುಸ್ತಕದ ಹಾಳೆ ತಿರುವಿದಳು. ಅಲ್ಲಿ ಏನು ಬರೆದಿತ್ತೋ, ಓದಲಿಲ್ಲ.

ಅವಳು ನಾಲ್ಕು ಗಂಟೆಯ ಬಸ್ಸಿಗೆ ಹೋದಳು.

ಗಂಡ ಉದಯಕುಮಾರ್ ತೀರಿಕೊಂಡು ಎರಡು ವರ್ಷವಾಗಿತ್ತು. ಅವನು ಹೋದಾಗ ಅವಳ ಡಿಗ್ರಿಗೆ ಈ ಒಂದು ಪೇಪರ್ ಮಾತ್ರ ಉಳಿದಿತ್ತು. ಈಗ ಹನೂರಿನ ಒಂದು ಸೊಸೈಟಿಯವರು, ಡಿಗ್ರಿ ಮುಗಿದರೆ ಕ್ಲರ್ಕ್ ಕೆಲಸ ನಿಮಗೇ ಎಂದಿದ್ದರು. ಅತ್ತೆ ಸುವರ್ಣಮ್ಮನೇ ಫೀಸು ಕಟ್ಟಿಸಿದ್ದರು. ಮನೆಯಲ್ಲಿ ಇಬ್ಬರೇ ಹೆಂಗಸರು, ಜೊತೆಗೊಂದು ಟಿವಿ. ಸಂಜೆ ಹೆಚ್ಚು ಮಾತಾಡುತ್ತಿದ್ದುದು ಟಿವಿ.

ಈ ಎರಡು ವರ್ಷ ಜನ ಅವಳನ್ನು ಕೇಳಿದ್ದೆಲ್ಲ ‘ಊಟ ಆಯ್ತಾ’, ‘ಹೆಂಗಿದ್ದೀಯ’. ಕೇಳಿ ಮುಂದೆ ಹೋಗುತ್ತಿದ್ದರು. ಹೊಂಗೆ ಮರದ ಕೆಳಗೆ ಒಬ್ಬ ಮನುಷ್ಯ ಪ್ರಶ್ನೆ ಕೇಳಿ, ತಲೆ ಸ್ವಲ್ಪ ವಾಲಿಸಿ, ಉತ್ತರಕ್ಕೆ ಕಾಯುತ್ತಿದ್ದ.

ಅವಳು ಗಂಡನ ವಿಷಯ ಹೇಳಿದಾಗ ಅವನು ಅಯ್ಯೋ ಪಾಪ ಅನ್ನಲಿಲ್ಲ.

“ಅವ್ರ ಹೆಸ್ರೇನು?” ಅಂದ.

“ಉದಯ. ಉದಯಕುಮಾರ್.” ಆ ಹೆಸರನ್ನು ಬಾಯಿಬಿಟ್ಟು ಹೇಳಿ ಎಷ್ಟು ದಿನವಾಗಿತ್ತೋ.

“ಏನು ಇಷ್ಟ ಅವ್ರಿಗೆ?”

“ಹಸಿ ಕಡ್ಲೇಕಾಯಿ. ಬೇಯ್ಸಿದ್ರೆ ಮುಟ್ತಾ ಇರ್ಲಿಲ್ಲ.”

“ಸರಿಯಾಗೈತೆ,” ಎಂದ ಜಡೇಸ್ವಾಮಿ. “ನಂಗೂ ಬೇಯ್ಸಿದ್ದು ಆಗಲ್ಲ.”

ಆಮೇಲೆ ಇಬ್ಬರೂ ಉದುರಿದ ಹೊಂಗೆ ಎಲೆಗಳನ್ನು ನೋಡುತ್ತ ಕೂತರು. ಅದು ಟಿವಿ ಹಾಕಿ ತುಂಬಿಸಬೇಕಾದಂಥ ಮೌನವಲ್ಲ.

ಪರೀಕ್ಷೆಯ ತಾರೀಕು ಬಂತು. ಕ್ಯಾಲೆಂಡರ್ ನೋಡಿ ಜಡೇಸ್ವಾಮಿ ಹಣೆ ಚಚ್ಚಿಕೊಂಡ.

“ಅಮಾಸೆ ದಿನ ಎಕ್ಸಾಮ್ ಇಟ್ಟವ್ರೆ! ಡೇಟ್ ಹಾಕಿದ ಪುಣ್ಯಾತ್ಮ ಒಂದ್ಸಲವಾದ್ರೂ ಬೆಟ್ಟದ ಬಸ್ಸು ಅತ್ತವ್ನಾ?”

ಅಮಾವಾಸ್ಯೆಯಂದು ಮಾದಪ್ಪನ ಬೆಟ್ಟದಿಂದ ಇಳಿಯುವ ಬಸ್ಸುಗಳು ಬಾಗಿಲ ತನಕ ಜನ ತುಂಬಿಕೊಂಡು ಬರುತ್ತವೆ. ಹನೂರಿನಲ್ಲಿ ಕೈ ಅಡ್ಡ ಹಿಡಿದರೂ ನಿಲ್ಲಿಸುವುದಿಲ್ಲ.

“ನಾನೇ ಬೈಕಲ್ಲಿ ಬತ್ತೀನಿ. ಬೇಡ ಅನ್ನಂಗಿದ್ರೆ ಈಗ್ಲೇ ಅನ್ನಿ.”

ಅವಳು ಬೇಡ ಅನ್ನಲಿಲ್ಲ.

ಆ ವಾರ ಅವಳಿಗೆ ನಿದ್ದೆ ಬರಲಿಲ್ಲ. ಪಾಠವೆಲ್ಲ ಬಾಯಿಗೆ ಬರುತ್ತಿತ್ತು, ಭಯ ಅದರದ್ದಲ್ಲ. ಪರೀಕ್ಷೆ ಮುಗಿದರೆ ಭಾನುವಾರಗಳೂ ಮುಗಿಯುತ್ತವೆ. ಆಮೇಲೆ ಯಾವ ನೆಪದಿಂದ ಕೊಳ್ಳೇಗಾಲದ ಬಸ್ಸು ಹತ್ತುವುದು?

ಮೆಲ್ಲಗೆ ಒಂದು ಯೋಚನೆ ಒಳಗೆ ಬಂದು ಕೂತಿತು. ಜಡೇಸ್ವಾಮಿ ಒಂದು ದಿನವೂ ನೋಟ್ಸ್ ಬರೆದವನಲ್ಲ, ಈ ಸಲವೂ ಅವನು ಫೇಲಾಗುವುದು ಖಂಡಿತ. ತಾನೂ ಫೇಲಾದರೆ ಇನ್ನೊಂದು ಸೆಮಿಸ್ಟರ್. ದೊಡ್ಡ ಪ್ರಶ್ನೆಗಳನ್ನು ಬಿಟ್ಟುಬಿಟ್ಟರೆ ಸಾಕು. ಸೊಸೈಟಿಯ ಕೆಲಸ ಬೇರೆಯವರಿಗೆ ಹೋಗುತ್ತದೆ, ಅತ್ತೆಯ ಮುಂದೆ ತಲೆ ತಗ್ಗಿಸಬೇಕಾಗುತ್ತದೆ. ಗೊತ್ತಿತ್ತು. ಗೊತ್ತಿದ್ದೇ ಬಿಡುವುದೆಂದು ತೀರ್ಮಾನಿಸಿದಳು.

ಅಮಾವಾಸ್ಯೆಯ ಬೆಳಗ್ಗೆ ಬೈಕಿನ ಹಿಂದೆ ಕೂತು ಕಂಬಿ ಹಿಡಿದುಕೊಂಡಳು. ಹಂಪ್ ಬಂದಾಗಲೆಲ್ಲ ಅವನು ಮೊದಲೇ ಹೇಳುತ್ತಿದ್ದ, “ಗಟ್ಟಿಯಾಗಿ ಇಡ್ಕಳಿ.” ಅವಳು ಕಂಬಿಯನ್ನೇ ಗಟ್ಟಿಯಾಗಿ ಹಿಡಿದಳು. ಗಾಳಿಗೆ ಅವನ ಅಂಗಿಯ ಬೆನ್ನು ಉಬ್ಬಿ ಅವಳ ಮೊಣಕೈಗೆ ತಾಗಿ ತಾಗಿ ಬಿಡುತ್ತಿತ್ತು. ಅವಳು ಮೊಣಕೈ ಸರಿಸಲಿಲ್ಲ.

“ಪೆನ್ನು, ಹಾಲ್ ಟಿಕೆಟ್ ತಕ್ಕಂಡು ಬ್ಯಾಗ್ ಇಲ್ಲಿ ಕೊಡಿ. ನೀವು ಓಗಿ ಕೂತ್ಕಳಿ, ಗಾಡಿ ನಿಲ್ಸ್ಬುಟ್ಟು ಬತ್ತೀನಿ,” ಎಂದ ಕಾಲೇಜಿನ ಗೇಟಿನಲ್ಲಿ.

ಗಂಟೆ ಹೊಡೆಯಿತು. ಅವನು ಬರಲಿಲ್ಲ. ಅವನದೆಂದುಕೊಂಡಿದ್ದ ಹಿಂದಿನ ಸೀಟಿನಲ್ಲಿ ಯಾರೋ ಹುಡುಗಿ ಬಂದು ಕೂತಳು. ಪ್ರಶ್ನೆಪತ್ರಿಕೆ ಹಂಚಿದರು, ಬಾಗಿಲು ಹಾಕಿದರು. ಗಾಡಿಗೆ ಏನಾದರೂ ಆಯಿತೇ? ಅವನಿಗೆ?

ಕಿಟಕಿಯ ಕಡೆ ನೋಡಿದಳು. ಹೊಂಗೆ ಮರದ ಕೆಳಗೆ ಅವನು ಆರಾಮವಾಗಿ ಕೂತಿದ್ದ. ಅವಳ ಬ್ಯಾಗು ಅವನ ತೊಡೆಯ ಮೇಲಿತ್ತು. ಓಡಿಬರುವ ಆತುರವಿಲ್ಲ, ತಡವಾಯಿತೆಂಬ ಗಾಬರಿಯೂ ಇಲ್ಲ. ಅವನು ಪರೀಕ್ಷೆಗೆ ಬಂದವನಲ್ಲ.

ಮಾಲಿನಿ ಪ್ರಶ್ನೆಪತ್ರಿಕೆಗೆ ಕಣ್ಣು ತಂದಳು. ‘ತನಗೆ ಹಿತಾಸಕ್ತಿಯಿರುವ ವಿಷಯದಲ್ಲಿ ಅದನ್ನು ಮುಚ್ಚಿಟ್ಟು ಸಲಹೆ ಕೊಡುವುದು ನೈತಿಕವೇ? ಚರ್ಚಿಸಿ.’

ಸಿಟ್ಟು ಬಂತು. ತನಗೆ ಸಿಟ್ಟು ಬರುತ್ತದೆಂಬುದನ್ನೇ ಅವಳು ಮರೆತಿದ್ದಳು. ಇವನಿಗೋಸ್ಕರ ನಾನು ಫೇಲಾಗಲು ಹೊರಟಿದ್ದೆನಲ್ಲ! ಪೆನ್ನಿನ ಕ್ಯಾಪ್ ತೆಗೆದು ಬರೆಯತೊಡಗಿದಳು. ಒಂದನ್ನೂ ಬಿಡಲಿಲ್ಲ. ನೈತಿಕವಲ್ಲ ಎಂಬುದಕ್ಕೆ ಎರಡೂವರೆ ಪುಟ ಬರೆದು, ಅಡಿಷನಲ್ ಶೀಟ್ ಕೇಳಿ ಪಡೆದಳು.

ಹೊರಗೆ ಬಂದಾಗ ಅವನು ಎದ್ದು ನಿಂತ.

“ಎಂಗಿತ್ತು?”

“ನೀವ್ಯಾಕೆ ಬರೀಲಿಲ್ಲ?”

ಜಡೇಸ್ವಾಮಿ ಬ್ಯಾಗಿನ ಜಿಪ್ಪನ್ನು ಎಳೆದ, ಮುಚ್ಚಿದ.

“ನಂದು ಓದ್ವರ್ಷನೇ ಪಾಸಾಯ್ತು.”

“ಎಷ್ಟು ಬಂತು?”

“ಎಪ್ಪತ್ತೊಂದು.”

“ಪ್ರಾಮಾಣಿಕತೆ ಅಂತ ಒಂದು ಪಾಠ ಇದೆ. ಅದನ್ನು ಹೇಳಿಕೊಡುವಾಗ ನಾಚಿಕೆ ಆಗ್ಲಿಲ್ವಾ?”

“ಆಯ್ತು. ಅದಕ್ಕೇ ಅದನ್ನ ಬಿರ್ರನೆ ಮುಗಿಸ್ದೆ.”

ಅವಳಿಗೆ ನಗು ಬಂತು. ನಗಬಾರದೆಂದು ಮರದ ಕಡೆ ನೋಡಿದಳು.

“ಅವತ್ತು ಮಾರ್ಕ್ಸ್ ಕಾರ್ಡ್ ಇಸ್ಕೊಂಡೋಗಕೆ ಬಂದಿದ್ದೆ,” ಎಂದ ಅವನು, ದನಿ ತಗ್ಗಿಸಿ. “ನೀವು ಎದ್ದು ನಿಂತ್ಕಂಡ್ರಿ. ಅಷ್ಟು ದೊಡ್ಡ ರೂಮಲ್ಲಿ ಒಬ್ರೇ. ಬಿಟ್ಟೋಗಕೆ ಮನ್ಸಾಗ್ಲಿಲ್ಲ.”

“ಅದು ಒಂದು ಭಾನುವಾರದ ಮಾತಾಯ್ತು. ಉಳಿದ ಭಾನುವಾರ?”

“ಅವೆಲ್ಲ ನಂಗೋಸ್ಕರ.”

ಬೆಟ್ಟದ ಬಸ್ಸೊಂದು ಹಾರನ್ ಹೊಡೆಯುತ್ತ ರಸ್ತೆಯಲ್ಲಿ ಹೋಯಿತು.

“ನಾನೂ ಒಂದು ಹೇಳ್ಬೇಕು,” ಎಂದಳು. “ಬೇಕಂತಲೇ ಫೇಲಾಗೋಣ ಅಂತಿದ್ದೆ. ನೀವು ಹೇಗೂ ಫೇಲಾಗ್ತೀರ, ಮತ್ತೆ ಆರು ತಿಂಗಳು ಇಲ್ಲೇ ಕೂತ್ಕೋಬಹುದು ಅಂತ.”

ಜಡೇಸ್ವಾಮಿ ಅವಳನ್ನೇ ನೋಡಿದ. ಕೀಟಲೆಯೆಲ್ಲ ಇಳಿದುಹೋದ ಆ ಮುಖವನ್ನು ಅವಳು ಅದುವರೆಗೆ ಕಂಡಿರಲಿಲ್ಲ.

“ಪ್ರಶ್ನೆ ಬಿಟ್ರಾ?”

“ಬಿಡಲಿಲ್ಲ. ಎಲ್ಲಾ ಬರೆದೆ. ಪಾಸಾಗ್ತೀನಿ.”

“ಅಂಗಾದ್ರೆ ಮುಂದ್ಲ ಭಾನುವಾರ ಕ್ಲಾಸಿಲ್ಲ.”

“ಇಲ್ಲ.”

“ಮಾಲಿನಿ.” ಅವನು ಮೇಡಂ ಅನ್ನಲಿಲ್ಲ. “ನಿಮ್ಮನ್ನ ಮದ್ವೆ ಆಗ್ಬೇಕು ಅಂತಿದೀನಿ. ಉದಯ ಅವ್ರನ್ನ ಮರೀರಿ ಅಂತ ಯಾವತ್ತೂ ಅನ್ನಲ್ಲ.”

ಅವಳು ಬ್ಯಾಗು ಈಸಿಕೊಂಡಳು. ಬೆರಳು ಬೆರಳಿಗೆ ತಾಗಿತು. ಎಳೆದುಕೊಳ್ಳಲಿಲ್ಲ.

“ನನ್ನ ಹತ್ರ ಹೇಳಿದ್ದನ್ನ ನಮ್ಮತ್ತೆ ಹತ್ರಾನೂ ಹೇಳ್ಬೇಕು. ಅವರಿಗೆ ಮುಚ್ಚಿಟ್ಟು ನಾನು ಏನೂ ಮಾಡಲ್ಲ.”

“ಭಾನುವಾರ ಬತ್ತೀನಿ,” ಎಂದ ಅವನು.

ಸಂಜೆ ಸುವರ್ಣಮ್ಮ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಟಿವಿ ಹಾಡುತ್ತಿತ್ತು.

“ಎಂಗ್ ಬರ್ದೆ ಮಗ?”

“ಚೆನ್ನಾಗಿ ಬರೆದೆ ಅತ್ತೆ.” ಮಾಲಿನಿ ನಿಂತೇ ಇದ್ದಳು. “ಭಾನುವಾರ ಒಬ್ಬರು ಮನೆಗೆ ಬರ್ತಾರೆ. ಯಳಂದೂರಿನವರು, ಜಡೇಸ್ವಾಮಿ ಅಂತ. ನನ್ನ ವಿಷಯ ನಿಮ್ಮ ಹತ್ರ ಮಾತಾಡೋಕೆ.”

ಸುವರ್ಣಮ್ಮನ ಕೈ ನಿಂತಿತು. ಒಂದು ಸೊಪ್ಪಿನ ಕಡ್ಡಿ ಬೆರಳುಗಳ ನಡುವೆ ಹಾಗೇ ಉಳಿಯಿತು. ಮಗನನ್ನು ಕಳೆದುಕೊಂಡ ಆ ಮುಖವನ್ನು ನೋಡಲಾರದೆ ಮಾಲಿನಿ ನೆಲ ನೋಡಿದಳು. ತಪ್ಪು ಮಾಡಿದೆನೇನೋ, ಇವರಿಗೂ ಇರುವವಳು ನಾನೊಬ್ಬಳೇ ಅಲ್ಲವೇ.

ಸುವರ್ಣಮ್ಮ ರಿಮೋಟ್ ಹುಡುಕಿ ಟಿವಿ ಆರಿಸಿದರು. ಸೆರಗಿನಿಂದ ಮೂಗು ಒರೆಸಿಕೊಂಡರು.

“ಊಟಕ್ಕೆ ಬತ್ತಾನಾ, ಬರೀ ಕಾಪಿಗಾ?”

ಮಾಲಿನಿ ತಲೆ ಎತ್ತಿ ಅವರನ್ನೇ ನೋಡಿದಳು.

“ಕೇಳ್ದೆ ಕಣ್ ಮಗ.”

“ಊಟಕ್ಕೆ,” ಎಂದಳು.

“ಅಂಗಾದ್ರೆ ಅವತ್ತು ಒತ್ತಾರೆನೇ ಏಳ್ಬೇಕು, ಇಬ್ರೂವೆ,” ಎಂದು ಸುವರ್ಣಮ್ಮ ಇನ್ನೊಂದು ಸೊಪ್ಪಿನ ಕಟ್ಟನ್ನು ಬಿಚ್ಚಿ, ಅರ್ಧವನ್ನು ಸೊಸೆಯ ಕಡೆ ತಳ್ಳಿದರು.